ಎರಡು ಗಾಡಿಗಳ ಲೆಕ್ಕ: ವೇಗ ಕೂಡಬೇಕಾ, ಕಳೆಯಬೇಕಾ?

ಪ್ರಶ್ನೆ: ಮೇಡಂ, ಪರೀಕ್ಷೆಗೆ ಓದುತ್ತಿದ್ದೇನೆ. ವೇಗ-ದೂರದ ಲೆಕ್ಕ ಬಂದರೆ ಕೈಕಾಲೇ ಆಡುವುದಿಲ್ಲ. ಸೂತ್ರ ಬಾಯಿಪಾಠ ಆಗಿದೆ: ಎದುರುಬದುರು ಬಂದರೆ ಕೂಡು, ಒಂದೇ ಕಡೆ ಹೋದರೆ ಕಳೆ. ಆದರೂ ಈ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು ಕಾರು ಬೆಳಗ್ಗೆ 6ಕ್ಕೆ ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೊರಡುತ್ತದೆ. ಅದೇ ಜಾಗದಿಂದ, ಅದೇ ರಸ್ತೆಯಲ್ಲಿ ಇನ್ನೊಂದು ಕಾರು 7.30ಕ್ಕೆ ಗಂಟೆಗೆ 70 ಕಿ.ಮೀ. ವೇಗದಲ್ಲಿ ಹೊರಡುತ್ತದೆ. ಎರಡನೆಯದು ಮೊದಲನೆಯದನ್ನು ಎಷ್ಟು ಹೊತ್ತಿಗೆ ಹಿಡಿಯುತ್ತದೆ? ಸಮಯಕ್ಕೆ ‘ಸ’ ಇಟ್ಟು 50ಸ = 70(ಸ + 1.5) ಅಂತ ಬರೆದೆ. ಮೈನಸ್ 5.25 ಬಂತು. ಮೈನಸ್ ಸಮಯ ಅಂದ್ರೆ ಏನು?

ಉತ್ತರ: ನಿಮ್ಮ ಮೈನಸ್ ಸುಮ್ನೆ ಬಂದಿಲ್ಲ. ‘ಸ’ ಅಂದರೆ ಸಮಯ ಅಂದಿರಿ. ಯಾವ ಕಾರಿನ ಸಮಯ? ತೊಡಕು ಇರುವುದೇ ಅಲ್ಲಿ. ನೀವು ಒಂದೂವರೆ ಗಂಟೆಯನ್ನು 70ರ ಕಡೆ ಕೂಡಿದ್ದೀರಿ. ಅಂದರೆ ಜೋರಾಗಿ ಹೋಗುವ ಕಾರೇ ಮೊದಲು ಹೊರಟಿತು ಅಂತ ಆಯಿತು. ಅದು ಜೋರಾಗಿಯೂ ಹೋಗಬೇಕು, ಮುಂಚೆಯೂ ಹೊರಡಬೇಕು ಅಂದರೆ ನಿಧಾನದ್ದು ಅದಕ್ಕೆ ಇನ್ನೆಲ್ಲಿ ಸಿಗುತ್ತದೆ? ಎರಡೂ ಒಂದೇ ಕಡೆ ಇರಬೇಕಾದರೆ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸಬೇಕು. ಸಮೀಕರಣ ಪಾಪ ಅದನ್ನೇ ಹೇಳಿದೆ. ನೀವು ಕೇಳಿದ ಪ್ರಶ್ನೆಗೆ ಸರಿಯಾಗೇ ಉತ್ತರ ಕೊಟ್ಟಿದೆ, ಕೇಳಿದ ಪ್ರಶ್ನೆ ಬೇರೆ ಇತ್ತು ಅಷ್ಟೇ.

ಈಗ ಹೀಗೆ ಬರೆಯಿರಿ: ‘ಸ’ = ಎರಡನೇ ಕಾರು ರಸ್ತೆಯಲ್ಲಿದ್ದ ಗಂಟೆಗಳು. ಈ ಒಂದು ಸಾಲನ್ನು ಪೂರ್ತಿಯಾಗಿ ಬರೆಯಲೇಬೇಕು, ಸೋಮಾರಿತನ ಬೇಡ. ಮೊದಲನೇ ಕಾರು ಒಂದೂವರೆ ಗಂಟೆ ಜಾಸ್ತಿ ಓಡಿದೆ, ಅದರ ಸಮಯ ಸ + 1.5. ಹಿಡಿಯುವ ಹೊತ್ತಿಗೆ ಇಬ್ಬರೂ ಹೋದ ದೂರ ಒಂದೇ. ಹಾಗಾಗಿ

50(ಸ + 1.5) = 70ಸ
75 = 20ಸ
ಸ = 3.75

3.75 ಗಂಟೆ ಅಂದರೆ 3 ಗಂಟೆ 45 ನಿಮಿಷ. 3 ಗಂಟೆ 75 ನಿಮಿಷ ಅಂತ ಬರೆದು ಅಂಕ ಕಳೆದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ. 7.30ಕ್ಕೆ ಅದನ್ನು ಕೂಡಿದರೆ 11.15. ತಾಳೆ ನೋಡಿ: 50 × 5.25 = 262.5, 70 × 3.75 = 262.5. ಎರಡೂ ಒಂದೇ.

ಆ 5.25 ಮತ್ತೆ ಬಂತು ನೋಡಿದಿರಾ? ಅದು ಮೊದಲನೇ ಕಾರಿನ ಸಮಯ. ನಿಮ್ಮ ಉತ್ತರದಲ್ಲಿ ಮೈನಸ್ ಅಳಿಸಿ 6ಕ್ಕೆ ಕೂಡಿದ್ದರೆ 11.15 ಬಂದುಬಿಡುತ್ತಿತ್ತು, ಅದೃಷ್ಟದಿಂದ. 7.30ಕ್ಕೆ ಕೂಡಿದ್ದರೆ 12.45. ‘ಸ’ ಯಾರದು ಅಂತ ಬರೆದಿಡದಿದ್ದರೆ ಯಾವುದಕ್ಕೆ ಕೂಡಬೇಕು ಅಂತ ಗೊತ್ತಾಗುವುದು ಹೇಗೆ?

ಪ್ರಶ್ನೆ (ಅದೇ ವಿದ್ಯಾರ್ಥಿ): ಅರ್ಥ ಆಯ್ತು ಮೇಡಂ. ಆದರೆ ಇದರಲ್ಲಿ ಸಾಪೇಕ್ಷ ವೇಗ ಎಲ್ಲೂ ಬರಲೇ ಇಲ್ಲವಲ್ಲ?

ಉತ್ತರ: ಬಂದಿದೆ. 75 = 20ಸ ಅನ್ನುವ ಸಾಲನ್ನು ಇನ್ನೊಮ್ಮೆ ನೋಡಿ. 75 ಎಲ್ಲಿಂದ ಬಂತು? 7.30ಕ್ಕೆ ಎರಡು ಕಾರುಗಳ ನಡುವೆ ಇದ್ದ ಅಂತರ ಅದು. 20 ಅಂದರೆ ಆ ಅಂತರ ಗಂಟೆಗೆ ಎಷ್ಟು ಕರಗುತ್ತದೆ ಅನ್ನುವುದು. ಸಾಪೇಕ್ಷ ವೇಗ ಅಂದರೆ ಆ 20 ಅಷ್ಟೇ, ಬೇರೇನೂ ಅಲ್ಲ.

ಅದಕ್ಕೇ ಕೂಡು-ಕಳೆ ಅಂತ ಉರು ಹೊಡೆಯಬೇಡಿ. ಅಂತರದ ಮೇಲೆ ಕಣ್ಣಿಡಿ. ಎದುರುಬದುರು ಬರುವಾಗ ಇಬ್ಬರೂ ಸೇರಿ ಅಂತರವನ್ನು ತಿನ್ನುತ್ತಾರೆ, ಕೂಡುತ್ತೇವೆ. ಒಂದೇ ಕಡೆ ಹೋಗುವಾಗ ಹಿಂದಿನವನು ತಿಂದಷ್ಟನ್ನು ಮುಂದಿನವನು ಸ್ವಲ್ಪ ಸ್ವಲ್ಪ ತುಂಬುತ್ತಾ ಹೋಗುತ್ತಾನೆ, ಕಳೆಯುತ್ತೇವೆ. ಬೆನ್ನು ತಿರುಗಿಸಿ ದೂರ ಹೋಗುವವರದ್ದೂ ಕೂಡುವುದೇ, ಆದರೆ ಅಲ್ಲಿ ಅಂತರ ಬೆಳೆಯುತ್ತದೆ. ಬಾಯಿಪಾಠ ಮಾಡಿದವರು ಈ ಮೂರನೆಯದರಲ್ಲಿ ಎಡವುತ್ತಾರೆ, ಸೂತ್ರದಲ್ಲಿ ‘ಎದುರುಬದುರು’ ಅಂತಿದೆಯಲ್ಲ ಅಂತ.

ಇದು ಹೊಸ ಉಪಾಯವೇನಲ್ಲ. 499ರ ಸುಮಾರಿಗೆ ಆರ್ಯಭಟ ಬರೆದ ಗಣಿತದ ಶ್ಲೋಕಗಳಲ್ಲೇ ಇದೆ: ಎದುರು ಬರುವಾಗ ನಡುವಿನ ದೂರವನ್ನು ವೇಗಗಳ ಮೊತ್ತದಿಂದ ಭಾಗಿಸು, ಒಂದೇ ದಿಕ್ಕಾದರೆ ವ್ಯತ್ಯಾಸದಿಂದ, ಸೇರುವ ಸಮಯ ಸಿಗುತ್ತದೆ. ಗ್ರಹಗಳ ಲೆಕ್ಕಕ್ಕೂ ಇದೇ ಬೇಕು, ರೈಲಿಗೂ ಇದೇ ಸಾಕು.

ಪ್ರಶ್ನೆ (ಒಬ್ಬ ತಾಯಿ): ರೈಲು ಅಂದಿರಲ್ಲ, ಮಗಳದ್ದು ಅದೇ ಗೋಳು. 120 ಮೀಟರ್ ಉದ್ದದ ರೈಲು ಗಂಟೆಗೆ 54 ಕಿ.ಮೀ., 180 ಮೀಟರ್ ಉದ್ದದ್ದು ಗಂಟೆಗೆ 36 ಕಿ.ಮೀ. ಎದುರುಬದುರು ಬಂದು ಒಂದನ್ನೊಂದು ದಾಟಲು ಎಷ್ಟು ಸಮಯ? ದೂರವನ್ನೇ ಕೊಟ್ಟಿಲ್ಲ ಅಂತಾಳೆ.

ಉತ್ತರ: ಕೊಟ್ಟಿದ್ದಾರೆ, ಉದ್ದದ ವೇಷದಲ್ಲಿ. ‘ದಾಟುವುದು’ ಯಾವಾಗ ಶುರು? ಮುಂಭಾಗಗಳು ಎದುರಾದಾಗ. ಯಾವಾಗ ಮುಗಿಯಿತು? ಕೊನೆಯ ಬೋಗಿಗಳ ಹಿಂಬದಿಗಳು ಒಂದನ್ನೊಂದು ಬಿಟ್ಟಾಗ. ಶುರುವಿನಲ್ಲಿ ಆ ಎರಡು ಹಿಂಬದಿಗಳ ನಡುವಿನ ಅಂತರ 120 + 180 = 300 ಮೀಟರ್. ಮುಗಿಯುವಾಗ ಸೊನ್ನೆ. ಈ ಚಿತ್ರವನ್ನು ಎರಡು ಪೆನ್ಸಿಲ್ ಜರುಗಿಸಿ ತೋರಿಸಿ, ಅವಳಿಗೆ ತಕ್ಷಣ ಹೊಳೆಯುತ್ತದೆ.

ವೇಗಗಳ ಮೊತ್ತ ಗಂಟೆಗೆ 90 ಕಿ.ಮೀ. ಸೆಕೆಂಡಿಗೆ ಮೀಟರ್ ಬೇಕಾದರೆ 5/18ರಿಂದ ಗುಣಿಸಬೇಕು, 25 ಬರುತ್ತದೆ. 300 ÷ 25 = 12 ಸೆಕೆಂಡ್. ಒಂದೇ ದಿಕ್ಕಿನಲ್ಲಿ ಹೋಗುತ್ತಿದ್ದರೆ ವ್ಯತ್ಯಾಸ 18 ಕಿ.ಮೀ., ಅಂದರೆ ಸೆಕೆಂಡಿಗೆ 5 ಮೀಟರ್, ಆಗ 60 ಸೆಕೆಂಡ್.

ಒಂದು ಬಲೆ ಇದೆ. ‘ಮೊದಲ ರೈಲಿನ ಕಿಟಕಿ ಪಕ್ಕ ಕೂತವನಿಗೆ ಎದುರು ಬರುವ ರೈಲು ದಾಟಿಹೋಗಲು ಎಷ್ಟು ಹೊತ್ತು’ ಅಂತ ಕೇಳಿದರೆ 300 ಅಲ್ಲ, 180 ಮಾತ್ರ. ಕೂತವನಿಗೆ ಉದ್ದ ಇಲ್ಲ. 180 ÷ 25 = 7.2 ಸೆಕೆಂಡ್. ಕಂಬಕ್ಕೂ ಹೀಗೇ, ಉದ್ದವೂ ಇಲ್ಲ, ವೇಗವೂ ಇಲ್ಲ. ಪ್ಲಾಟ್‌ಫಾರ್ಮಿಗೆ ಉದ್ದ ಉಂಟು, ವೇಗ ಇಲ್ಲ.

ಪ್ರಶ್ನೆ (ಇನ್ನೊಬ್ಬರು): ಹೋಗುವಾಗ 40, ಬರುವಾಗ 60. ಸರಾಸರಿ ವೇಗ 50 ಅಲ್ವಾ? ಉತ್ತರದ ಪಟ್ಟಿಯಲ್ಲಿ 48 ಇದೆ.

ಉತ್ತರ: 48ಏ ಸರಿ. 40ರಲ್ಲಿ ಜಾಸ್ತಿ ಹೊತ್ತು ಕಳೆದಿರುತ್ತೀರಿ, ಅದು ತನ್ನ ಕಡೆ ಎಳೆಯುತ್ತದೆ. ದೂರ 120 ಅಂದುಕೊಳ್ಳಿ: 3 ಗಂಟೆ ಮತ್ತು 2 ಗಂಟೆ, ಒಟ್ಟು 240 ಕಿ.ಮೀ. 5 ಗಂಟೆಯಲ್ಲಿ. ಹೋಗುವಾಗ 30ರಲ್ಲಿ ಹೋಗಿ, ಒಟ್ಟು ಸರಾಸರಿ 60 ಮಾಡಬೇಕು ಅಂದರೆ ಬರುವಾಗ ಎಷ್ಟು ಜೋರಾಗಿ ಬಂದರೂ ಆಗುವುದಿಲ್ಲ. ಯಾಕೆ ಅಂತ ನೀವೇ ಯೋಚಿಸಿ.

ಪ್ರಶ್ನೆ (ಮೊದಲಿನ ವಿದ್ಯಾರ್ಥಿ): ಮೇಡಂ, ದೋಣಿಯದ್ದು ಒಂದಿದೆ. ಪ್ರವಾಹಕ್ಕೆ ಎದುರಾಗಿ ಹೋಗುವ ದೋಣಿಯಿಂದ ಟೋಪಿ ನೀರಿಗೆ ಬೀಳುತ್ತದೆ. 10 ನಿಮಿಷದ ಮೇಲೆ ಗೊತ್ತಾಗಿ ದೋಣಿ ವಾಪಸ್ ತಿರುಗುತ್ತದೆ. ಟೋಪಿ ಬಿದ್ದ ಜಾಗದಿಂದ 1 ಕಿ.ಮೀ. ಕೆಳಗೆ ಸಿಗುತ್ತದೆ. ಪ್ರವಾಹದ ವೇಗ ಎಷ್ಟು? ದೋಣಿಯ ವೇಗವನ್ನೇ ಕೊಟ್ಟಿಲ್ಲ, ತಪ್ಪು ಲೆಕ್ಕ ಇರಬೇಕು.

ಉತ್ತರ: ತಪ್ಪಿಲ್ಲ. ನನಗೆ ತುಂಬಾ ಇಷ್ಟದ ಲೆಕ್ಕ ಇದು. ಮೊದಲು ಬೀಜಗಣಿತದಲ್ಲೇ ಮಾಡಿ. ನಿಶ್ಚಲ ನೀರಿನಲ್ಲಿ ದೋಣಿಯ ವೇಗ ‘ದ’, ನೀರಿನ ವೇಗ ‘ನ’. 10 ನಿಮಿಷ ಅಂದರೆ 1/6 ಗಂಟೆ. ತಿರುಗಿದ ಮೇಲೆ ಟೋಪಿ ಸಿಗಲು ‘ಸ’ ಗಂಟೆ.

ದೋಣಿ ಮೇಲಕ್ಕೆ ಹೋದದ್ದು (ದ − ನ)/6. ಕೆಳಕ್ಕೆ ಬಂದದ್ದು (ದ + ನ)ಸ. ಟೋಪಿ ತೇಲಿದ್ದು ನ(1/6 + ಸ). ದೋಣಿ ಕೆಳಕ್ಕೆ ಬಂದದ್ದರಲ್ಲಿ ಮೇಲಕ್ಕೆ ಹೋದದ್ದನ್ನು ಕಳೆದರೆ ಟೋಪಿ ತೇಲಿದಷ್ಟು ಉಳಿಯಬೇಕು:

(ದ + ನ)ಸ − (ದ − ನ)/6 = ನ/6 + ನಸ

ಬಿಡಿಸಿ. ಎರಡೂ ಕಡೆ ನಸ ಹೋಗುತ್ತದೆ, ನ/6 ಹೋಗುತ್ತದೆ. ಉಳಿಯುವುದು ದಸ = ದ/6. ‘ದ’ ಕೂಡ ಹೋಯಿತು! ಸ = 1/6, ಅಂದರೆ ಮತ್ತೆ 10 ನಿಮಿಷ. ಟೋಪಿ ಒಟ್ಟು 20 ನಿಮಿಷದಲ್ಲಿ 1 ಕಿ.ಮೀ. ತೇಲಿದೆ. ಪ್ರವಾಹದ ವೇಗ ಗಂಟೆಗೆ 3 ಕಿ.ಮೀ.

ದೋಣಿಯ ವೇಗ ಬೇಡವೇ ಬೇಡ ಅನ್ನುವುದು ಯಾಕೆ? ದಡದಲ್ಲಿ ನಿಂತು ನೋಡುವುದನ್ನು ಬಿಡಿ, ಟೋಪಿಯ ಜೊತೆ ತೇಲುತ್ತಾ ನೋಡಿ. ನೀರು ನಿಮ್ಮನ್ನೂ ದೋಣಿಯನ್ನೂ ಒಂದೇ ಸಮ ಹೊತ್ತೊಯ್ಯುತ್ತಿದೆ. ನಿಮ್ಮ ಕಣ್ಣಿಗೆ ನೀರು ನಿಂತಿದೆ. ದೋಣಿ 10 ನಿಮಿಷ ದೂರ ಹೋಯಿತು, ಅದೇ ವೇಗದಲ್ಲಿ ವಾಪಸ್ ಬಂತು. ಇನ್ನೆಷ್ಟು ಹೊತ್ತು ಬೇಕು, 10 ನಿಮಿಷವೇ ಅಲ್ವಾ? ಪರೀಕ್ಷೆಯಲ್ಲಿ ಮಾತ್ರ ಮೇಲಿನ ಸಾಲುಗಳನ್ನು ಬರೆಯಿರಿ, ಹಂತಗಳಿಗೆ ಅಂಕ ಇರುತ್ತದೆ.

ಪ್ರಶ್ನೆ (ಅದೇ ವಿದ್ಯಾರ್ಥಿ): ಕೊನೆಯದು ಮೇಡಂ. ಇಬ್ಬರು ಎರಡು ಊರುಗಳಿಂದ ಒಂದೇ ಹೊತ್ತಿಗೆ ಎದುರುಬದುರು ಹೊರಡುತ್ತಾರೆ. ಭೇಟಿಯಾದ ಮೇಲೆ ಒಬ್ಬನಿಗೆ ಗುರಿ ಮುಟ್ಟಲು 4 ಗಂಟೆ, ಇನ್ನೊಬ್ಬನಿಗೆ 9 ಗಂಟೆ. ವೇಗಗಳ ಅನುಪಾತ? 9 : 4 ಅಲ್ವಾ?

ಉತ್ತರ: ಅಲ್ಲ. ಭೇಟಿಯ ನಂತರ ಇಬ್ಬರೂ ಹೋಗುವ ದೂರ ಒಂದೇ ಅಲ್ಲವಲ್ಲ. ಮೊದಲನೆಯವನು ಇನ್ನು ಹೋಗಬೇಕಾದದ್ದು ಎರಡನೆಯವನು ಆಗಲೇ ಬಂದ ದಾರಿ. ವೇಗಗಳು ಅ, ಬ. ಭೇಟಿಯಾಗುವವರೆಗೆ ‘ಸ’ ಗಂಟೆ. ಹಾಗಾದರೆ 4ಅ = ಬಸ, 9ಬ = ಅಸ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ‘ಸ’ ಹೋಗುತ್ತದೆ, 4ಅ² = 9ಬ² ಉಳಿಯುತ್ತದೆ. ಅನುಪಾತ 3 : 2. ‘ಸ’ ಬೇಕಿದ್ದರೆ 6 ಗಂಟೆ. ಈಗ 4, 9ರ ಬದಲು 1, 16 ಇಟ್ಟು ನೀವೇ ಮಾಡಿ, ಇಲ್ಲೇ ಹಾಕಿ.

ವಿದ್ಯಾರ್ಥಿ: 4 : 1. ಭೇಟಿ 4 ಗಂಟೆಗೆ. ‘ಸ’ ಯಾರದು ಅಂತ ಬರೆದುಕೊಂಡೇ ಮಾಡಿದೆ.

ಉತ್ತರ: ಸರಿಯಾಗಿದೆ.