ಮಾರಾ ನದಿ ದಡದ ಟೆಂಟಿಗೆ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಆಗಸ್ಟಿನಲ್ಲಿ ಕೀನ್ಯಾದ ಮಸಾಯಿ ಮಾರಾ ವನ್ಯಜೀವಿ ಮೀಸಲು ಪ್ರದೇಶಕ್ಕೆ ಹೋಗುವ ಯೋಚನೆ ಇದೆ. ಮಾರಾ ನದಿಯ ದಡದಲ್ಲೇ ಇರುವ ಐಷಾರಾಮಿ ಟೆಂಟು ಕ್ಯಾಂಪಿನಲ್ಲಿ 4 ರಾತ್ರಿ. ನಾನು, ನಮ್ಮ ಯಜಮಾನರು, 9 ವರ್ಷದ ಮಗ, ಜೊತೆಗೆ 68 ವರ್ಷದ ಅಮ್ಮ. ಅಮ್ಮನಿಗೆ ಮಂಡಿ ನೋವು. "ಅಷ್ಟು ದುಡ್ಡು ಕೊಟ್ಟು ಬಟ್ಟೆ ಗೋಡೆಯೊಳಗೆ ಮಲಗೋದಾ?" ಅಂತ ಈಗಲೇ ಶುರು ಮಾಡಿದ್ದಾರೆ. ಬೇಲಿ ಇರುವುದಿಲ್ಲವಂತೆ, ರಾತ್ರಿ ಹಿಪ್ಪೊಗಳು ಟೆಂಟಿನ ಪಕ್ಕದಲ್ಲೇ ಓಡಾಡುತ್ತವಂತೆ. ನಿಜವಾ? ಬಾತ್‌ರೂಮ್ ಹೇಗಿರುತ್ತೆ? ಸಸ್ಯಾಹಾರ ಸಿಗುತ್ತಾ? ಬುಕ್ ಮಾಡುವ ಮುಂಚೆ ಏನೇನು ಕೇಳಿಕೊಳ್ಳಬೇಕು?

ಅತ್ತೆಯವರ ಜೊತೆ ಹೋಗಿದ್ದವರು:
ಹಿಪ್ಪೊ ವಿಷಯ ನಿಜ. ಹಗಲೆಲ್ಲ ನೀರಿನಲ್ಲಿ ಬಿದ್ದಿರುತ್ತವೆ, ಕತ್ತಲಾದ ಮೇಲೆ ಹುಲ್ಲು ಮೇಯಲು ದಡ ಹತ್ತುತ್ತವೆ. ಕ್ಯಾಂಪಿನ ಹುಲ್ಲೂ ಅವಕ್ಕೆ ಹುಲ್ಲೇ ಅಲ್ವಾ! ನಮ್ಮ ಟೆಂಟಿನ ಹಿಂದೆ ಪರಪರ ಹುಲ್ಲು ಕಿತ್ತುವ ಸದ್ದು ಮೊದಲ ರಾತ್ರಿಯೇ ಕೇಳಿಸಿತು. ಜಿಪ್ ಹಾಕಿದ ಟೆಂಟು ಅವುಗಳ ಕಣ್ಣಿಗೆ ಒಂದು ದೊಡ್ಡ ಬಂಡೆ ಇದ್ದ ಹಾಗೆ, ಒಳಗೆ ನುಗ್ಗುವುದಿಲ್ಲ ಅಂತ ಗೈಡ್ ಹೇಳಿದ್ದರು. ಅಪಾಯ ಇರುವುದು ನಾವು ಹೊರಗೆ ಬಂದು ಹಿಪ್ಪೊಗೂ ನದಿಗೂ ನಡುವೆ ಸಿಕ್ಕಿಕೊಂಡರೆ. ಅದಕ್ಕೇ ಸಂಜೆಯಾದ ಮೇಲೆ ಒಬ್ಬರೇ ನಡೆಯುವ ಹಾಗಿಲ್ಲ. ಟಾರ್ಚ್ ಹಿಡಿದ ಕಾವಲುಗಾರ ಬಂದು ಊಟಕ್ಕೆ ಕರೆದುಕೊಂಡು ಹೋಗುತ್ತಾನೆ, ತಿರುಗಿ ಬಿಟ್ಟು ಹೋಗುತ್ತಾನೆ. ಅಲ್ಲಿ ಅವರಿಗೆ ಅಸ್ಕರಿ ಅನ್ನುತ್ತಾರೆ. ಮಗನಿಗೆ ಈ ಒಂದು ಮಾತನ್ನು ವಿಮಾನ ಹತ್ತುವ ಮುಂಚೆಯೇ ತಲೆಗೆ ಹಾಕಿ.

ಸದ್ದಿಗೆ ಮಾತ್ರ ಸಿದ್ಧರಾಗಿರಿ. ಹಿಪ್ಪೊ ಕೂಗು ಅಂದರೆ ಯಾರೋ ದಪ್ಪ ಮನುಷ್ಯ ಹೊಟ್ಟೆಯಿಂದ ನಕ್ಕ ಹಾಗೆ. ನಮ್ಮತ್ತೆ ಎದ್ದು ಕೂತು "ನಿಮ್ಮ ಮಾವ ನಕ್ಕ ಹಾಗಾಯ್ತಲ್ಲೇ" ಅಂದರು. ಮಾವ ತೀರಿಹೋಗಿ ಆರು ವರ್ಷವಾಗಿತ್ತು. ಮೂರನೇ ರಾತ್ರಿಗೆ ಆ ಸದ್ದಿಲ್ಲದೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

ಟೆಂಟು ಅಂದರೆ ಸ್ಕೌಟ್ಸ್ ಟೆಂಟು ಅಲ್ಲ. ಮರದ ಅಟ್ಟದ ಮೇಲೆ ಕ್ಯಾನ್ವಾಸ್ ಕೋಣೆ, ಒಳಗೆ ನಿಜವಾದ ಮಂಚ, ಹಿಂದೆ ಅಂಟಿಕೊಂಡಂತೆ ಕಮೋಡ್ ಮತ್ತು ಶವರ್. ಕೆಲವು ಕಡೆ ಬಕೆಟ್ ಶವರ್ ಇರುತ್ತೆ. ನೀವು ಹೇಳಿದ ಹೊತ್ತಿಗೆ ಬಿಸಿನೀರು ತಂದು ಮೇಲಿನ ಬಕೆಟ್ಟಿಗೆ ಸುರಿಯುತ್ತಾರೆ. ತಲೆಗೆ ಸೋಪು ಹಚ್ಚಿಕೊಂಡು ಹಾಡು ಹೇಳುತ್ತಾ ನಿಂತರೆ ನೀರು ಖಾಲಿ. ನನಗೆ ಆಗಿದೆ.

ಮಂಡಿ ನೋವಿಗೆ ಮುಖ್ಯವಾದದ್ದು ಬೇರೆ. ಮಾರಾ ನದಿಯ ದಡ ತುಂಬಾ ಕಡೆ ಕಡಿದಾಗಿದೆ. ಟೆಂಟುಗಳು ಸಾಲಾಗಿ ದೂರ ದೂರ ಇರುತ್ತವೆ. ಕೊನೆಯ ಟೆಂಟು ಸಿಕ್ಕರೆ ಊಟದ ಜಾಗಕ್ಕೆ ದಿನಕ್ಕೆ ಮೂರು ಸಲ ನಡಿಗೆ. "ಊಟದ ಜಾಗಕ್ಕೆ ಹತ್ತಿರದ ಟೆಂಟು ಬೇಕು, ಮೆಟ್ಟಿಲು ಎಷ್ಟು?" ಅಂತ ಬರವಣಿಗೆಯಲ್ಲೇ ಕೇಳಿ. ಎರಡು ಮಲಗುವ ಕೋಣೆ ಇರುವ ಫ್ಯಾಮಿಲಿ ಟೆಂಟು ಇದ್ದರೆ ಅಮ್ಮ ರಾತ್ರಿ ಒಬ್ಬರೇ ಆಗುವುದಿಲ್ಲ. ಬೇಲಿ ಇಲ್ಲದ ಕೆಲವು ಕ್ಯಾಂಪುಗಳು ಚಿಕ್ಕ ಮಕ್ಕಳನ್ನು ಸೇರಿಸುವುದಿಲ್ಲ. ಮಗನ ವಯಸ್ಸನ್ನೂ ಮೊದಲೇ ಹೇಳಿಬಿಡಿ.

ದುಡ್ಡಿನ ಪಾಠ ಕಲಿತವರು:
ಕ್ಯಾಂಪಿನ ಬೆಲೆ ನೋಡಿ ಖುಷಿಪಡಬೇಡಿ. ಮೊದಲು ಪಾರ್ಕ್ ಶುಲ್ಕ ಸೇರಿದೆಯಾ ಕೇಳಿ. 2024ರ ದರದ ಪ್ರಕಾರ ಹೊರದೇಶದ ದೊಡ್ಡವರಿಗೆ ರಾಷ್ಟ್ರೀಯ ಮೀಸಲು ಪ್ರದೇಶದಲ್ಲಿ ಜುಲೈಯಿಂದ ಡಿಸೆಂಬರ್‌ವರೆಗೆ ದಿನಕ್ಕೆ 200 ಡಾಲರ್. ಜನವರಿಯಿಂದ ಜೂನ್‌ವರೆಗೆ 100. ನಾವು ಏಜೆಂಟ್ ಹೇಳಿದ "ಎಲ್ಲಾ ಸೇರಿ" ಅನ್ನುವ ಮಾತನ್ನು ನಂಬಿದೆವು. "ಎಲ್ಲಾ" ಅಂದರೆ ಊಟ, ಜೀಪು ಮಾತ್ರ ಅಂತ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ನಾಲ್ಕು ದಿನ, ಇಬ್ಬರು, ನೀವೇ ಲೆಕ್ಕ ಹಾಕಿ.

ಇನ್ನೊಂದು ಮಾತು. ನದಿ ದಡದ ಕ್ಯಾಂಪು ಅಂದ ಮಾತ್ರಕ್ಕೆ ಕುರ್ಚಿಯಲ್ಲಿ ಕೂತು ವೈಲ್ಡ್‌ಬೀಸ್ಟ್ (ದನದ ಹಾಗೆ ಕಾಣುವ ದೊಡ್ಡ ಹುಲ್ಲೆ) ಹಿಂಡು ನದಿ ದಾಟುವುದನ್ನು ನೋಡಬಹುದು ಅಂದುಕೊಳ್ಳಬೇಡಿ. ಅವು ದಾಟುವ ಜಾಗಗಳೇ ಬೇರೆ, ಜೀಪಿನಲ್ಲಿ ಹೋಗಿ ಕಾಯಬೇಕು. ನಾವು ಒಂದು ದಿನ ನಾಲ್ಕು ಗಂಟೆ ಕಾದೆವು. ಸಾವಿರಾರು ಪ್ರಾಣಿಗಳು ಅಂಚಿಗೆ ಬಂದವು, ಮೂಸಿದವು, ವಾಪಸ್ ಹೋದವು. ಕೆಳಗೆ ಮೊಸಳೆಗಳೂ ನಮ್ಮ ಹಾಗೆಯೇ ಕಾದವು.

ಎರಡು ಸಲ ಹೋಗಿಬಂದವರು:
ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಾಲ್ಕೂ ರಾತ್ರಿ ನದಿ ದಡದಲ್ಲಿ ಬೇಡ. ಎರಡು ಅಲ್ಲಿ, ಎರಡು ಪಕ್ಕದ ಕನ್ಸರ್ವೆನ್ಸಿಯಲ್ಲಿ, ಅಂದರೆ ಮೀಸಲು ಪ್ರದೇಶಕ್ಕೆ ಹೊಂದಿಕೊಂಡ ಖಾಸಗಿ ವನ್ಯಜೀವಿ ಜಾಗದಲ್ಲಿ ಇರಿ. ಮಾರಾ ನಾರ್ತ್, ನಾಬೋಯಿಶೋ, ಓಲಾರೆ ಮೊಟೊರೊಗಿ ಇವೆಲ್ಲ ಅಲ್ಲಿನ ಮಸಾಯಿ ಬುಡಕಟ್ಟಿನ ಕುಟುಂಬಗಳಿಂದ ಗುತ್ತಿಗೆಗೆ ಪಡೆದ ಜಾಗಗಳು. ಜೀಪುಗಳು ಕಡಿಮೆ, ದಾರಿ ಬಿಟ್ಟು ಹೋಗಲು ಬಿಡುತ್ತಾರೆ, ರಾತ್ರಿ ಸಫಾರಿಯೂ ಉಂಟು. ಮೀಸಲು ಪ್ರದೇಶದ ಒಳಗೆ ಇವೆರಡೂ ಇಲ್ಲ. ಆಗಸ್ಟಿನಲ್ಲಿ ಅಲ್ಲಿ ಒಂದು ಚಿರತೆಯ ಸುತ್ತ ಜೀಪುಗಳು ನಿಲ್ಲುವುದನ್ನು ನೋಡಿದರೆ ಚಿರತೆ ಮೇಲೆ ಕನಿಕರ ಬರುತ್ತೆ.

ಏಪ್ರಿಲ್-ಮೇ ಮಾತ್ರ ಯಾರೂ ನದಿ ದಡ ಬುಕ್ ಮಾಡಬೇಡಿ, ಎಷ್ಟು ಅಗ್ಗವಾದರೂ ಸರಿ. ಅದು ದೊಡ್ಡ ಮಳೆಗಾಲ. 2024ರ ಮೇ ಮೊದಲ ವಾರ ಮಾರಾ ನದಿಗೆ ಸೇರುವ ತಾಲೆಕ್ ನದಿ ಉಕ್ಕಿ ಹತ್ತಾರು ಕ್ಯಾಂಪುಗಳು ಮುಳುಗಿ, ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ಎತ್ತಿದ್ದರು.

ಹೋದ ವರ್ಷ ಹೋಗಿದ್ದವರು:
ಬ್ಯಾಗ್ ಬಗ್ಗೆ ಯಾರೂ ಹೇಳಲಿಲ್ಲ. ನೈರೋಬಿಯ ವಿಲ್ಸನ್ ಏರ್‌ಪೋರ್ಟಿನಿಂದ ಪುಟ್ಟ ವಿಮಾನದಲ್ಲಿ ಹೋದರೆ ಒಬ್ಬರಿಗೆ ಸಾಮಾನ್ಯವಾಗಿ 15 ಕೆಜಿ, ಅದರಲ್ಲೇ ಕೈಚೀಲವೂ ಸೇರಿ. ಗಟ್ಟಿ ಸೂಟ್‌ಕೇಸ್ ಬೇಡ, ಮೆತ್ತನೆ ಬ್ಯಾಗ್ ಇರಲಿ. ರಸ್ತೆಯಲ್ಲಿ ಹೋದರೆ ಐದಾರು ಗಂಟೆ, ಕೊನೆಯ ಭಾಗ ಮಂಡಿಗೆ ಒಳ್ಳೆಯದಲ್ಲ. ಪ್ಲಾಸ್ಟಿಕ್ ಕವರುಗಳನ್ನು ಮನೆಯಲ್ಲೇ ಬಿಡಿ, ಅಲ್ಲಿ 2017ರಿಂದ ನಿಷೇಧ. ಮಿಲಿಟರಿ ಡಿಸೈನ್ ಬಟ್ಟೆಯೂ ಬೇಡ. ಸ್ವೆಟರ್ ಜಾಸ್ತಿ ಇರಲಿ. ಮಾರಾ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಮೇಲಿದೆ, ಬೆಳಗ್ಗೆ ಆರಕ್ಕೆ ತೆರೆದ ಜೀಪಿನಲ್ಲಿ ಹಲ್ಲು ಕಟಕಟ. ರಾತ್ರಿ ಹಾಸಿಗೆಯೊಳಗೆ ಬಿಸಿನೀರಿನ ಚೀಲ ಇಟ್ಟಿರುತ್ತಾರೆ. ಅಮ್ಮನಿಗೆ ಮೊದಲೇ ಹೇಳಿ, ಕಾಲಿಗೆ ಬೆಚ್ಚಗೆ ಏನೋ ತಾಗಿ ಕಿರುಚಿಯಾರು.

ಸಸ್ಯಾಹಾರಕ್ಕೆ ತೊಂದರೆ ಇಲ್ಲ. ಕೀನ್ಯಾದಲ್ಲಿ ಭಾರತೀಯರು ತಲೆಮಾರುಗಳಿಂದ ಇದ್ದಾರೆ, ಚಪಾತಿಗೆ ಅಲ್ಲಿಯೂ ಚಪಾತಿ ಅಂತಲೇ ಹೆಸರು. ಚಟ್ನಿಪುಡಿ ಒಯ್ಯುವುದಾದರೆ ಟೆಂಟಿನಲ್ಲಿ ಇಡಬೇಡಿ, ಅಡುಗೆಮನೆಗೆ ಕೊಟ್ಟುಬಿಡಿ. ನಮ್ಮ ಟೆಂಟಿನ ಜಿಪ್ಪನ್ನು ಮಂಗ ತೆರೆದು ಶೇಂಗಾ ಚಟ್ನಿಪುಡಿ ಪೂರ್ತಿ ಮುಗಿಸಿತ್ತು. ಖಾರಕ್ಕೂ ಜಗ್ಗಲಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಇದೆಲ್ಲ ಅಮ್ಮನಿಗೆ ಓದಿ ಹೇಳಿದೆ. ಹಿಪ್ಪೊ ಬಗ್ಗೆ ಹೆದರಿಕೆ ಹೋಗಿದೆ, ಈಗ ಮಂಗದ ಚಿಂತೆ! ಹಳದಿ ಜ್ವರದ ಲಸಿಕೆ ಎಲ್ಲರಿಗೂ ಬೇಕಾ?

ಅತ್ತೆಯವರ ಜೊತೆ ಹೋಗಿದ್ದವರು:
ಇದನ್ನು ನಾನೇ ಮೊದಲು ಹೇಳಬೇಕಿತ್ತು. ಕೀನ್ಯಾದಿಂದ ಭಾರತಕ್ಕೆ ವಾಪಸ್ ಬರುವಾಗ ಆ ಲಸಿಕೆ ಹಾಕಿಸಿದ ಕಾರ್ಡ್ ಕೇಳುತ್ತಾರೆ, ಇಲ್ಲದಿದ್ದರೆ ಕ್ವಾರಂಟೈನ್ ಮಾಡಬಹುದು. ಲಸಿಕೆ ಹಾಕಿಸಿ 10 ದಿನ ಆದ ಮೇಲೆಯೇ ಅದಕ್ಕೆ ಬೆಲೆ. ಆದರೆ 60 ದಾಟಿದವರಿಗೆ ಈ ಲಸಿಕೆಯಿಂದ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಸ್ವಲ್ಪ ಜಾಸ್ತಿ. ಅಮ್ಮನ ಡಾಕ್ಟರ ಹತ್ತಿರ ಮೊದಲು ಮಾತಾಡಿ, ಮಲೇರಿಯಾ ಮಾತ್ರೆಯನ್ನೂ ಅದೇ ಸಲ ಕೇಳಿಬಿಡಿ. ಅವರು ಸರಿ ಅಂದ ಮೇಲೆ ಕ್ಯಾಂಪಿಗೆ ದುಡ್ಡು ಕಟ್ಟಿ, ಅದಕ್ಕೆ ಮುಂಚೆ ಬೇಡ.