ಮೈಸೂರಲ್ಲಿ ರಿಂಗ್ ರಸ್ತೆ ಆಚೆ ಸೈಟೋ, ಊರೊಳಗೆ ಫ್ಲಾಟೋ? ಅನುಭವ ಇದ್ದವರು ಹೇಳಿ

ಕೇಳಿದವರು: ನಮಸ್ಕಾರ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ ಅಮ್ಮ ಹುಣಸೂರಿನಲ್ಲಿದ್ದಾರೆ. ಅವರಿಗೆ ಮೈಸೂರಿನಲ್ಲಿ ಮನೆ ಮಾಡಿಕೊಡಬೇಕು ಅಂತಿದ್ದೇನೆ. ಸಾಲ ಸೇರಿ 60 ಲಕ್ಷ ಹೊಂದಿಸಬಹುದು. ರಿಂಗ್ ರಸ್ತೆ ಆಚೆ 30x40 ಸೈಟ್ ತೆಗೆದು ಚಿಕ್ಕದಾಗಿ ಕಟ್ಟಿಸುವುದೋ, ಊರೊಳಗೆ ಎರಡು ಬೆಡ್‌ರೂಮ್ ಫ್ಲಾಟ್ ಕೊಳ್ಳುವುದೋ? ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಹತ್ತಲು ಆಗುವುದಿಲ್ಲ. ಆಸ್ಪತ್ರೆ ಹತ್ತಿರ ಇದ್ದರೆ ಒಳ್ಳೆಯದು.

ಟಿ. ನರಸೀಪುರ ರಸ್ತೆ ಕಡೆಯವರು: ಸೈಟೇ ತಗೊಳ್ಳಿ, ಎರಡನೇ ಮಾತೇ ಬೇಡ. ನಾನು 2019ರಲ್ಲಿ ತೆಗೆದೆ. 1,200 ಚದರಡಿ, ಅಡಿಗೆ 1,800ರಂತೆ 21.6 ಲಕ್ಷ. ನೋಂದಣಿ, ಪತ್ರ ಬರೆಯುವವರು, ಖಾತೆ ಎಲ್ಲ ಸೇರಿ ಇನ್ನೊಂದು 1.7 ಲಕ್ಷ ಹೋಯಿತು. ಕಟ್ಟಿದ್ದು ಹನ್ನೊಂದು ಚದರ, ಅಂದರೆ 1,100 ಚದರಡಿ. ಮೇಸ್ತ್ರಿ ಒಪ್ಪಿದ್ದು ಚದರಕ್ಕೆ 1.75 ಲಕ್ಷಕ್ಕೆ. ಪಾಯ ತೆಗೆದರೆ ಎರೆ ಮಣ್ಣು. ಗಟ್ಟಿ ನೆಲ ಸಿಗುವವರೆಗೆ ಇಳಿಸಿ ಕಾಲಂ ಹಾಕಬೇಕಾಯಿತು, ಅದಕ್ಕೇ 1.4 ಲಕ್ಷ ಜಾಸ್ತಿ. ಪಾಯದ ಹೊತ್ತಿಗೆ ಕಬ್ಬಿಣ ಕೆಜಿಗೆ 48 ರೂಪಾಯಿ ಇತ್ತು, ಮೋಲ್ಡ್ ಹಾಕುವ ಹೊತ್ತಿಗೆ 68. ಮನೆ ಮುಗಿಯುವಾಗ 24 ಲಕ್ಷ ಆಗಿತ್ತು. ಬೋರ್ 680 ಅಡಿ, ಎರಡೂವರೆ ಇಂಚು ನೀರು, ಆದರೆ ಗಡಸು. ಸಾಫ್ಟ್‌ನರ್‌ಗೆ 38 ಸಾವಿರ. ಇಷ್ಟೆಲ್ಲ ಆದರೂ ನನ್ನ ನೆಲದ ಮೇಲೆ ನಾನಿದ್ದೇನೆ. ಮಾವು, ನುಗ್ಗೆ, ಕರಿಬೇವು ಹಾಕಿದ್ದೇನೆ. ಸೈಟಿನ ಬೆಲೆ ಈಗ ಎರಡರಷ್ಟಾಗಿದೆ. ಫ್ಲಾಟಿನವರು ಈ ಮಾತು ಹೇಳಲಿ ನೋಡೋಣ.

ಫ್ಲಾಟಿನ ಮೂರನೇ ಮಹಡಿ: ಹೇಳ್ತೀನಿ ಸರ್. ನಿಮ್ಮ ಬಡಾವಣೆಯ ಒಳಚರಂಡಿ ಎಲ್ಲಿಗೆ ಸೇರುತ್ತೆ, ಮೊದಲು ಅದನ್ನು ಬರೆಯಿರಿ. ನಮ್ಮ ಅಣ್ಣನ ಮನೆಯೂ ಆ ಕಡೆಯೇ ಇದೆ. ಪೈಪ್ ಹೂತಿದ್ದಾರೆ, ಮ್ಯಾನ್‌ಹೋಲ್ ಕಟ್ಟಿದ್ದಾರೆ, ಆದರೆ ಆ ಪೈಪು ಮುಖ್ಯ ಕೊಳವೆಗೆ ಸೇರೇ ಇಲ್ಲ. ಎಲ್ಲ ಹೋಗಿ ಬಡಾವಣೆ ಕೊನೆಯ ಹಳ್ಳಕ್ಕೆ ಬೀಳುತ್ತೆ. ಡೆವಲಪರ್ ಮಾರಿಕೊಂಡು ಹೋದ, ಸ್ಥಳೀಯ ಸಂಸ್ಥೆಯವರು ಇನ್ನೂ ನಮಗೆ ಹಸ್ತಾಂತರ ಆಗಿಲ್ಲ ಅಂತಾರೆ. ಬೀದಿ ದೀಪದ ಬಿಲ್ಲನ್ನೂ ನಿವಾಸಿಗಳೇ ಹಂಚಿಕೊಂಡು ಕಟ್ಟುತ್ತಿದ್ದಾರೆ.

ನಾನು ಫ್ಲಾಟ್ ಹೊಗಳೋಕೆ ಬಂದಿಲ್ಲ. ನಮ್ಮದು 52 ಲಕ್ಷ. 45 ಲಕ್ಷದೊಳಗೆ ಇದ್ದು, ಕಾರ್ಪೆಟ್ ಏರಿಯಾ 90 ಚದರ ಮೀಟರ್ ಮೀರದಿದ್ದರೆ ಜಿಎಸ್‌ಟಿ 1%. ನಮ್ಮದು ದಾಟಿತು, 5% ಅಂದರೆ 2.6 ಲಕ್ಷ ಸುಮ್ನೆ ಹೋಯಿತು. ಪೂರ್ಣಗೊಂಡ ಪ್ರಮಾಣಪತ್ರ ಬಂದ ಮೇಲೆ ಕೊಂಡಿದ್ದರೆ ಜಿಎಸ್‌ಟಿಯೇ ಇಲ್ಲ. ಜೊತೆಗೆ 50 ಲಕ್ಷ ದಾಟಿದ್ದಕ್ಕೆ ಬಿಲ್ಡರ್‌ಗೆ ಕೊಡುವ ಹಣದಲ್ಲೇ 1% ಟಿಡಿಎಸ್ ಹಿಡಿದು ನಾವೇ ತೆರಿಗೆ ಇಲಾಖೆಗೆ ಕಟ್ಟಬೇಕು. ಕಾರ್ ಪಾರ್ಕಿಂಗ್ 3 ಲಕ್ಷ, ಮುಂದಿನ ದೊಡ್ಡ ರಿಪೇರಿಗೆ ಅಂತ ಕೂಡಿಡುವ ಕಾರ್ಪಸ್ ಫಂಡ್ 75 ಸಾವಿರ, ಕರೆಂಟು ನೀರಿಗೆ ಅಂತ 1.8 ಲಕ್ಷ. ಆಮೇಲೆ ಬಿಲ್ಡರ್‌ಗೆ ಸ್ವಾಧೀನ ಪತ್ರ (ಕಟ್ಟಡದಲ್ಲಿ ಜನ ವಾಸಿಸಬಹುದು ಅಂತ ಕೊಡುವ ಒಸಿ) ಬರಲಿಲ್ಲ. ಮೇಲೆ ಒಂದು ಮಹಡಿಯಲ್ಲಿ ನಕ್ಷೆ ಮೀರಿ ಕಟ್ಟಿದ್ದ. ಒಂದೂವರೆ ವರ್ಷ ತಾತ್ಕಾಲಿಕ ಕರೆಂಟಿನಲ್ಲೇ ಇದ್ದೆವು. ಅದರ ದರ ಮನೆ ದರವಲ್ಲ, ಫ್ರಿಜ್ಜು ಹಾಕೋಕೂ ಲೆಕ್ಕ ಹಾಕಬೇಕಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ವಾಧೀನ ಪತ್ರ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಅಂದ ಮೇಲೆ ಹೊಸಬರ ಪಾಡು ಇನ್ನೂ ಬಿಗಿ.

ಟಿ. ನರಸೀಪುರ ರಸ್ತೆ ಕಡೆಯವರು: ಮೇಡಂ, ನಿಮ್ಮ ಅಣ್ಣನ ಬಡಾವಣೆ ಬೇರೆ, ನಮ್ಮದು ಬೇರೆ. ನಮ್ಮಲ್ಲಿ ಎಲ್ಲರೂ ಸೆಪ್ಟಿಕ್ ಟ್ಯಾಂಕ್ ಕಟ್ಟಿದ್ದೇವೆ. ಐದು ವರ್ಷಕ್ಕೊಂದು ಸಲ ಲಾರಿ ಬಂದು ಎತ್ತಿಕೊಂಡು ಹೋಗುತ್ತೆ, ಎರಡು ಸಾವಿರ ರೂಪಾಯಿ. ನೀವು ತಿಂಗಳಿಗೆ ಎಷ್ಟು ಮೆಂಟೇನೆನ್ಸ್ ಕಟ್ಟುತ್ತೀರಿ?

ಫ್ಲಾಟಿನ ಮೂರನೇ ಮಹಡಿ: 3,900. ಸೆಪ್ಟಿಕ್ ಟ್ಯಾಂಕ್ ಪಕ್ಕದಲ್ಲೇ 680 ಅಡಿ ಬೋರ್ ಇಟ್ಟುಕೊಂಡಿದ್ದೀರಲ್ಲ, ಆ ನೀರನ್ನು ಒಮ್ಮೆ ಲ್ಯಾಬಿಗೆ ಕೊಡಿ. ಗಡಸು ಒಂದೇ ಅಲ್ಲ, ನೈಟ್ರೇಟ್ ಕೂಡ ನೋಡಿಸಿ. ಮನೆಯಲ್ಲಿ ಮಕ್ಕಳಿದ್ದಾರೆ ಅಲ್ವಾ?

ಕೇಸಿನಲ್ಲಿರುವವನು: ಇಬ್ಬರೂ ಸ್ವಲ್ಪ ನಿಲ್ಲಿಸಿ. ನೀರು, ಚರಂಡಿ ಇವತ್ತಲ್ಲ ನಾಳೆ ಬರುತ್ತೆ. ನೆಲವೇ ನಿಮ್ಮದಲ್ಲ ಅಂದರೆ ಏನು ಮಾಡುತ್ತೀರಿ? ನಾನು 2014ರಲ್ಲಿ ಕೊಂಡೆ. ಇಸಿ (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರ, ಋಣಗಳ ಪಟ್ಟಿ) ಕ್ಲೀನ್, ಪಹಣಿ ಕ್ಲೀನ್, ಮ್ಯುಟೇಶನ್ ಕ್ಲೀನ್. ವಕೀಲರಿಗೆ 8 ಸಾವಿರ ಕೊಟ್ಟು ಅಭಿಪ್ರಾಯವನ್ನೂ ಬರೆಸಿಕೊಂಡೆ. ಅವರು ಹದಿಮೂರು ವರ್ಷದ ಇಸಿ ಮಾತ್ರ ನೋಡಿದ್ದರು. ಆ ಸರ್ವೆ ನಂಬರ್ ಹಿಂದೆ ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನು. ಇಂಥ ಜಮೀನು ಪರಭಾರೆ ಮಾಡುವುದನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. 2023ರ ತಿದ್ದುಪಡಿ ಆದಮೇಲೆ ಜಮೀನು ವಾಪಸ್ ಕೇಳಿ ಅರ್ಜಿ ಹಾಕೋಕೆ ಕಾಲಮಿತಿಯೂ ಇಲ್ಲ. ಈಗ ಉಪವಿಭಾಗಾಧಿಕಾರಿ ಮುಂದೆ ಕೇಸು. ಇಡೀ ಬಡಾವಣೆಗೆ ನೋಟಿಸ್. ವಕೀಲರ ಫೀಸು, ಹಳೇ ದಾಖಲೆಗಳ ದೃಢೀಕೃತ ನಕಲು, ಓಡಾಟ ಸೇರಿ ಇಲ್ಲಿವರೆಗೆ 2 ಲಕ್ಷ ದಾಟಿದೆ. ಬ್ಯಾಂಕು ಸಾಲದ ಅರ್ಜಿ ವಾಪಸ್ ಕಳಿಸಿತು. ಮಂಜೂರಾತಿ ಆದೇಶ ಮತ್ತು ಮೂಲ ಪತ್ರ ನೋಡದೆ ಯಾರೂ ಮುಂಗಡ ಕೊಡಬೇಡಿ. ಈ ಕಾಯ್ದೆಯಿಂದ ನನ್ನಂಥ ಮಧ್ಯಮ ವರ್ಗದವರೇ ಸತ್ತಿದ್ದು.

ವರುಣಾ ಹೋಬಳಿಯವನು: ಸರ್, ಕೊನೇ ಮಾತು ವಾಪಸ್ ತಗೊಳ್ಳಿ. ಆ ಜಮೀನು ಸಿಕ್ಕಿದ್ದು ಭೂಮಿಯೇ ಇಲ್ಲದ ಪರಿಶಿಷ್ಟರಿಗೆ. ನಮ್ಮ ತಾತನಿಗೂ ಎರಡು ಎಕರೆ ಸಿಕ್ಕಿತ್ತು. ರಿಂಗ್ ರಸ್ತೆ ಆಗುವ ಸುದ್ದಿ ಗೊತ್ತಿದ್ದವರು ಬಂದು, ಮದುವೆ ಸಾಲ ತೀರಿಸುತ್ತೇವೆ ಅಂತ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದೇ ನೆಲದಲ್ಲಿ ಇವತ್ತು ಒಂದು 30x40ಗೆ ಕೇಳುವ ದುಡ್ಡು ನಮ್ಮ ತಾತ ಕನಸಿನಲ್ಲೂ ಕಂಡಿರಲಿಲ್ಲ. ನಾನು ಈಗ ಅದೇ ಬಡಾವಣೆಯಲ್ಲಿ ಪ್ಲಂಬಿಂಗ್ ಕೆಲಸ ಮಾಡುತ್ತೇನೆ. ಕಾಯ್ದೆ ಇಲ್ಲದಿದ್ದರೆ ಊರಿನ ಸುತ್ತ ನಮ್ಮವರ ಹೆಸರಲ್ಲಿ ಒಂದು ಗುಂಟೆಯೂ ಉಳಿಯುತ್ತಿರಲಿಲ್ಲ.

ಕೇಸಿನಲ್ಲಿರುವವನು: ನಾನು ನಿಮ್ಮ ತಾತನಿಂದ ಬರೆಸಿಕೊಂಡಿಲ್ಲ. ಬರೆಸಿಕೊಂಡವನು ಮಾರಿ ಹೋದ. ನೋಟಿಸ್ ಬಂದಿದ್ದು ನನಗೆ.

ವರುಣಾ ಹೋಬಳಿಯವನು: ಹಾಗಾದರೆ ಅವನ ಮೇಲೆ ಕೇಸು ಹಾಕಿ. ಕಾಯ್ದೆ ಬೈಬೇಡಿ.

ಹಳೇ ಅಗ್ರಹಾರದವರು: ಇದೆಲ್ಲ ಶುರುವಾಗಿದ್ದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಬಂದ ಮೇಲೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು, 118 ಕಿ.ಮೀ., ಎಂಟು ಸಾವಿರ ಕೋಟಿಗೂ ಹೆಚ್ಚು ಖರ್ಚು. ಆವತ್ತಿಂದ ಪ್ರತಿ ಶನಿವಾರ ಬೆಂಗಳೂರಿನ ಕಾರುಗಳು ಸೈಟ್ ನೋಡೋಕೆ ಬರುತ್ತಿವೆ. ನನ್ನ ಮಗ ಇಲ್ಲೇ ಹುಟ್ಟಿ ಬೆಳೆದವನು, ಇಲ್ಲೇ ಮೇಷ್ಟ್ರು. ಅವನಿಗೆ ಊರೊಳಗೆ 20x30 ಕೂಡ ಎಟುಕುತ್ತಿಲ್ಲ. ಬಾಡಿಗೆ 9 ಸಾವಿರ ಇದ್ದದ್ದು 15 ಸಾವಿರ. ಪ್ಲೇಗ್ ಬಂದು ಹೋದ ಮೇಲೆ 1903ರಲ್ಲೇ ಇಲ್ಲಿ ಊರನ್ನು ಯೋಜಿಸಿ ಬೆಳೆಸೋಕೆ ಸಿಐಟಿಬಿ ಅನ್ನುವ ನಗರ ಸುಧಾರಣಾ ಮಂಡಳಿ ಮಾಡಿದರು. ಮೊದಲು ರಸ್ತೆ, ಚರಂಡಿ, ಮನೆ ಹಿಂದೆ ಗಲ್ಲಿ. ಆಮೇಲೆ ಜನ. ಈಗ ಮೊದಲು ಕಮಾನು, ಆಮೇಲೆ ಬ್ರೋಷರ್, ನೀರಿಗೆ ಟ್ಯಾಂಕರ್. ಹಳೇ ಉಂಡುವಾಡಿ ಕುಡಿಯುವ ನೀರಿನ ಯೋಜನೆಯಿಂದ ಕೆಆರ್‌ಎಸ್ ಹಿನ್ನೀರು ಬರುತ್ತೆ ಅಂತ ತೋರಿಸಿ ಎಷ್ಟು ವರ್ಷದಿಂದ ಸೈಟ್ ಮಾರುತ್ತಿದ್ದಾರೆ!

ವಾರಾಂತ್ಯಕ್ಕೆ ಬರುವವನು: ಸರ್, ಬೆಂಗಳೂರಿನವರು ಅಂತ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಾನು ಕೆ.ಆರ್. ನಗರದವನು. ಕೆಲಸ ಅಲ್ಲಿದೆ, ಅದಕ್ಕೆ ಅಲ್ಲಿದ್ದೇನೆ. ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ, ಕಾರಿಗೆ ಎರಡು ಕಡೆ ಟೋಲ್. ಪೆಟ್ರೋಲು, ಟೋಲು ಲೆಕ್ಕ ಹಾಕಿ ನಾನು ರೈಲಿಗೇ ಬರುತ್ತೇನೆ. ರೈಲು ಇಳಿದ ಮೇಲೆ ರಿಂಗ್ ರಸ್ತೆ ಆಚೆಗೆ ರಾತ್ರಿ ಆಟೋದವರು ಕೇಳುವುದು 350. ಊರ ಮಗ ಊರಿಗೆ ಮನೆ ಕಟ್ಟುವುದು ತಪ್ಪಾ?

ಹಳೇ ಅಗ್ರಹಾರದವರು: ಕಟ್ಟಿ, ಬಂದು ಇರಿ. ಕಟ್ಟಿ ಬೀಗ ಹಾಕುತ್ತೀರಲ್ಲ, ಅದಕ್ಕೆ ಹೇಳಿದ್ದು. ನಮ್ಮ ಪಕ್ಕದ ಬೀದಿಯಲ್ಲೇ ನಾಲ್ಕು ಮನೆ ಬೀಗ. ಖಾಲಿ ಸೈಟುಗಳಲ್ಲಿ ಪಾರ್ಥೇನಿಯಂ ಎದೆಮಟ್ಟ ಬೆಳೆದಿದೆ, ಹಾವು ಬರುತ್ತಿವೆ.

ವಾರಾಂತ್ಯಕ್ಕೆ ಬರುವವನು: ನನ್ನ ಮನೆಗೆ ಬೀಗ ಹಾಕಿಲ್ಲ. ನಮ್ಮ ಅತ್ತೆ ಇದ್ದಾರೆ. ಗೊತ್ತಿಲ್ಲದೆ ಮಾತಾಡಬೇಡಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಮಂಜೂರಾತಿ ಆದೇಶ, ಹಸ್ತಾಂತರ, ಸ್ವಾಧೀನ ಪತ್ರ ಮೂರನ್ನೂ ಬರೆದಿಟ್ಟುಕೊಂಡೆ. ಅಮ್ಮನ ಮಂಡಿ ನೋವಿಗೆ ಯಾವುದು ವಾಸಿ ಅಂತ ಯಾರಾದರೂ ಹೇಳಿ. ಫ್ಲಾಟಿನ ಲಿಫ್ಟ್ ನಂಬಬಹುದಾ?

ಫ್ಲಾಟಿನ ಮೂರನೇ ಮಹಡಿ: ಜನರೇಟರ್ ಲಿಫ್ಟಿಗೂ ಕೊಟ್ಟಿದ್ದಾರಾ, ಬರೀ ಕಾರಿಡಾರ್ ದೀಪಕ್ಕಾ ಅಂತ ಕೇಳಿ. ನಮ್ಮಲ್ಲಿ ದೀಪಕ್ಕೆ ಮಾತ್ರ ಇತ್ತು. ಮಾವನವರಿಗೆ ಎದೆ ನೋವು ಬಂದ ದಿನ ಕರೆಂಟು ಇರಲಿಲ್ಲ, ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಇಳಿಸಿದೆವು. ಆಮೇಲೆ ಜಗಳ ಮಾಡಿ ಮನೆಗೆ 11 ಸಾವಿರದಂತೆ ಹಾಕಿಕೊಂಡು ದೊಡ್ಡ ಜನರೇಟರ್ ತಂದೆವು. ಲಿಫ್ಟ್‌ನಲ್ಲಿ ಸ್ಟ್ರೆಚರ್ ಹಿಡಿಯುತ್ತಾ ಅಂತ ಟೇಪ್ ಹಿಡಿದು ಅಳೆಯಿರಿ. ನಮ್ಮದರಲ್ಲಿ ಹಿಡಿಯುವುದಿಲ್ಲ. ಆದರೆ ಆವತ್ತು ಆಸ್ಪತ್ರೆ ಹತ್ತು ನಿಮಿಷದ ದಾರಿ ಇತ್ತು, ಅದಕ್ಕೇ ಮಾವ ಇವತ್ತೂ ಇದ್ದಾರೆ.

ಟಿ. ನರಸೀಪುರ ರಸ್ತೆ ಕಡೆಯವರು: ಅದಕ್ಕೇ ಹೇಳಿದ್ದು, ನೆಲದ ಮನೆ ಮಾಡಿ. ನಾನು ಬಾಗಿಲಿಗೆ ಮೆಟ್ಟಿಲೇ ಇಡಲಿಲ್ಲ, ಇಳಿಜಾರು ಮಾಡಿಸಿದೆ, 14 ಸಾವಿರ ಆಯಿತು. ಬಚ್ಚಲಿಗೆ ಹಿಡಿಕೆ ಹಾಕಿಸಿದೆ. ನಮ್ಮ ತಾಯಿ ಗೇಟಿನವರೆಗೆ ತಾವೇ ನಡೆದು ಹೂವು ಕೊಯ್ಯುತ್ತಾರೆ.

ಹಳೇ ಅಗ್ರಹಾರದವರು: ರಾತ್ರಿ ಹನ್ನೊಂದಕ್ಕೆ ಅವರಿಗೆ ಉಸಿರಾಟದ ತೊಂದರೆ ಆದರೆ ಅಲ್ಲಿಗೆ ಆಂಬುಲೆನ್ಸ್ ಬರೋಕೆ ಎಷ್ಟು ಹೊತ್ತು ಬೇಕು? ಅದನ್ನೂ ಬರೆಯಿರಿ ಸರ್.

ಟಿ. ನರಸೀಪುರ ರಸ್ತೆ ಕಡೆಯವರು: ಬರೆಯುತ್ತೇನೆ. ನೀರಿನ ಲ್ಯಾಬ್ ರಿಪೋರ್ಟನ್ನೂ ಹಾಕುತ್ತೇನೆ. ಎರಡೂ ಬಂದ ಮೇಲೆ ಮಾತಾಡೋಣ.

ವರುಣಾ ಹೋಬಳಿಯವನು: ಸ್ಯಾಂಪಲ್ ತೆಗೆಯುವಾಗ ಸಾಫ್ಟ್‌ನರ್ ಆದಮೇಲಿನ ನಲ್ಲಿಯಿಂದ ಬೇಡ ಸರ್, ಬೋರಿನ ಪೈಪಿನಿಂದಲೇ ಹಿಡಿಯಿರಿ. ಮೊದಲು ಹತ್ತು ನಿಮಿಷ ಮೋಟರ್ ಓಡಿಸಿ, ಆಮೇಲೆ ಬಾಟಲಿ ತುಂಬಿ.