ಹಳೆಯ ಡೀಸೆಲ್ ಕಾರಿನಲ್ಲಿ ಡಿಪಿಎಫ್ ದೀಪ ಮತ್ತೆ ಮತ್ತೆ ಹೊತ್ತಿಕೊಳ್ಳುವುದೇಕೆ?

ಪ್ರಶ್ನೆ (ಬೆಂಗಳೂರಿನ ಸದಸ್ಯರೊಬ್ಬರಿಂದ):

ಮಾನ್ಯರೇ, ನನ್ನದು 2020ರಲ್ಲಿ ಕೊಂಡ, ಬಿಎಸ್6 ಹೊಗೆ ನಿಯಮದ ಡೀಸೆಲ್ ಕಾರು. ಇದುವರೆಗೆ 1,18,000 ಕಿ.ಮೀ. ಓಡಿದೆ. ಮೊದಲ ಮೂರು ವರ್ಷ ಪ್ರತಿ ವಾರವೂ ಹಾಸನಕ್ಕೆ ಹೋಗಿ ಬರುತ್ತಿದ್ದೆ, ಆಗ ಯಾವ ತೊಂದರೆಯೂ ಕಾಣಿಸಿಕೊಂಡಿರಲಿಲ್ಲ. ಈಗ ಜಯನಗರದ ಮನೆಯಿಂದ ಬನ್ನೇರುಘಟ್ಟ ರಸ್ತೆಯ ಕಚೇರಿಗೆ ಹೋಗಿ ಬರುವುದಕ್ಕಷ್ಟೇ ಕಾರನ್ನು ಬಳಸುತ್ತೇನೆ, ದೂರ ಆರು ಕಿ.ಮೀ. ನಾಲ್ಕು ತಿಂಗಳಿನಿಂದ ಡಿಪಿಎಫ್ (ಹೊಗೆಯಲ್ಲಿನ ಮಸಿಯನ್ನು ಹಿಡಿದಿಡುವ ಫಿಲ್ಟರ್) ದೀಪ ಹೊತ್ತಿಕೊಳ್ಳುತ್ತಿದೆ. ಗ್ಯಾರೇಜಿನವರು ಎರಡು ಸಲ ಸ್ಕ್ಯಾನರ್ ಜೋಡಿಸಿ ಬಲವಂತದ ರೀಜನರೇಷನ್ (ಫಿಲ್ಟರಿನ ಮಸಿ ಸುಡುವ ಕೆಲಸ) ಮಾಡಿಕೊಟ್ಟರು, ಎರಡು ಸಲವೂ ಮೂರು ವಾರ ಕಳೆಯುವಷ್ಟರಲ್ಲಿ ದೀಪ ಮರಳಿ ಬಂತು. ಸ್ಕ್ಯಾನರಿನಲ್ಲಿ ಪಿ2463 ಎಂಬ ಕೋಡ್ ಇದೆ. ಈಗ ಫಿಲ್ಟರನ್ನೇ ಬದಲಿಸಬೇಕೆಂದು ಲಕ್ಷ ರೂಪಾಯಿ ದಾಟುವ ಅಂದಾಜು ಕೊಟ್ಟಿದ್ದಾರೆ. ಇದು ಅನಿವಾರ್ಯವೇ? ಇನ್ನೊಂದು ವಿಚಿತ್ರವೆಂದರೆ, ಡಿಪ್‌ಸ್ಟಿಕ್ಕಿನಲ್ಲಿ ಇಂಜಿನ್ ಆಯಿಲ್ ಮೇಲಿನ ಗೆರೆಯನ್ನೂ ದಾಟಿ ನಿಂತಿದೆ. ಹಾಕದೆಯೇ ಆಯಿಲ್ ಹೆಚ್ಚಾಗುವುದು ಹೇಗೆ?

ಉತ್ತರ:

ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ದೀಪದ ವಿಚಾರ ಒಂದು ವಾರ ಕಾದರೂ ನಡೆದೀತು, ಆಯಿಲಿನದು ಕಾಯುವಂತಿಲ್ಲ. ಹೆಚ್ಚಾಗಿರುವುದು ಆಯಿಲ್ ಅಲ್ಲ, ಅದರೊಳಗೆ ಇಳಿದು ಸೇರಿಕೊಂಡ ಡೀಸೆಲ್. ಫಿಲ್ಟರಿನಲ್ಲಿ ಕೂಡಿದ ಮಸಿಯನ್ನು ಸುಡಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆ ಶಾಖಕ್ಕಾಗಿ ಇಂಜಿನ್ ಕಂಪ್ಯೂಟರ್, ಸಿಲಿಂಡರಿನಲ್ಲಿ ದಹನ ಮುಗಿದ ಮೇಲೆ ಇನ್ನಷ್ಟು ಡೀಸೆಲ್ ಚಿಮ್ಮಿಸುತ್ತದೆ. ಅದು ಹೊಗೆಯೊಂದಿಗೆ ಸಾಗಿ, ಫಿಲ್ಟರಿಗಿಂತ ಮೊದಲಿರುವ ಆಕ್ಸಿಡೇಷನ್ ಕ್ಯಾಟಲಿಸ್ಟಿನಲ್ಲಿ ಉರಿಯುತ್ತದೆ. ಆದರೆ ಅದರಲ್ಲಿ ಸ್ವಲ್ಪ ಭಾಗ ಸಿಲಿಂಡರಿನ ಗೋಡೆಗಂಟಿ ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿಳಿಯುತ್ತದೆ. ರೀಜನರೇಷನ್ ಶುರುವಾಗಿ, ಮುಗಿಯುವ ಮೊದಲೇ ನೀವು ಕಚೇರಿ ಮುಟ್ಟಿ ಕೀಲಿ ತಿರುಗಿಸಿದರೆ, ಮಸಿ ಅಲ್ಲೇ ಉಳಿಯುತ್ತದೆ, ಡೀಸೆಲ್ ಮಾತ್ರ ಆಯಿಲಿಗೆ ಸೇರುತ್ತದೆ. ಹೀಗೆ ತೆಳುವಾದ ಆಯಿಲ್ ಟರ್ಬೊ ಮತ್ತು ಬೇರಿಂಗುಗಳನ್ನು ಸವೆಸುತ್ತದೆ. ಮಟ್ಟ ತೀರ ಏರಿದರೆ ಇಂಜಿನ್ ಆ ಆಯಿಲನ್ನೇ ಒಳಗೆಳೆದುಕೊಂಡು, ಕೀಲಿ ತೆಗೆದರೂ ನಿಲ್ಲದೆ ಓಡುವ ಅಪಾಯವಿದೆ. ಆದ್ದರಿಂದ ಆಯಿಲ್ ಬದಲಿಸದೆ ದೂರ ಪ್ರಯಾಣಕ್ಕೂ ಹೋಗಬೇಡಿ, ಮೂರನೆಯ ಬಲವಂತದ ರೀಜನರೇಷನ್‌ಗೂ ಒಪ್ಪಬೇಡಿ.

ಇನ್ನು ಫಿಲ್ಟರಿನ ಮಾತು. ಅದು ಜೇನುಗೂಡಿನಂತಹ ಸೆರಾಮಿಕ್ ದಿಮ್ಮಿ. ಅದರ ಓಣಿಗಳು ಒಂದು ಬಿಟ್ಟು ಒಂದು ತುದಿಯಲ್ಲಿ ಮುಚ್ಚಿಕೊಂಡಿರುವುದರಿಂದ ಹೊಗೆಯು ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕವೇ ದಾಟಬೇಕಾಗುತ್ತದೆ, ಮಸಿ ಈಚೆಗೇ ಉಳಿಯುತ್ತದೆ. ಅಲ್ಲಿ ಕೂಡುವುದು ಎರಡು ಬಗೆಯ ವಸ್ತು ಎಂಬುದನ್ನು ಗ್ಯಾರೇಜಿನವರು ಎಷ್ಟೋ ಸಲ ಗ್ರಾಹಕರಿಗೆ ಬಿಡಿಸಿ ಹೇಳುವುದಿಲ್ಲ. ಮಸಿಯು ಇಂಗಾಲವಾದ್ದರಿಂದ ಸುಟ್ಟುಹೋಗುತ್ತದೆ. ಬೂದಿಯು ಇಂಜಿನ್ ಆಯಿಲಿನಲ್ಲಿರುವ ಕ್ಯಾಲ್ಸಿಯಂ, ಸತುವು ಮುಂತಾದವುಗಳ ಶೇಷ, ಎಷ್ಟು ಕಾಯಿಸಿದರೂ ಸುಡುವುದಿಲ್ಲ. ಪಿ2463 ಹೇಳುವುದು ಮಸಿ ಮಿತಿಮೀರಿದೆ ಎಂದಷ್ಟೇ. ಫಿಲ್ಟರ್ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ಮೂರೇ ವಾರದಲ್ಲಿ ತುಂಬಿಕೊಳ್ಳುತ್ತಿದೆ ಎಂದರೆ ಒಂದೋ ಇಂಜಿನ್ ಹೆಚ್ಚು ಮಸಿ ಉಗುಳುತ್ತಿದೆ, ಇಲ್ಲವೇ ಸುಡುವ ಕೆಲಸ ನಡೆಯುತ್ತಿಲ್ಲ. ಕಾರಣವನ್ನು ಬಿಟ್ಟು ಹೊಸ ಫಿಲ್ಟರ್ ಹಾಕಿದರೆ ಅದೂ ಇದೇ ಗತಿ ಕಾಣುತ್ತದೆ.

ಆದ್ದರಿಂದ ಸ್ಕ್ಯಾನರಿನಲ್ಲಿ ಕೋಡನ್ನು ಮಾತ್ರ ಓದಿಸದೆ, ಇಂಜಿನ್ ಓಡುತ್ತಿರುವಾಗಿನ ಅಂಕಿಗಳನ್ನೂ ಬರೆಸಿಕೊಂಡು ಬನ್ನಿ. ಅರ್ಧ ಗಂಟೆ ಓಡಿಸಿದ ಮೇಲೆ ಕೂಲೆಂಟಿನ (ಇಂಜಿನ್ ತಂಪಾಗಿಸುವ ದ್ರವದ) ಉಷ್ಣತೆ ಎಷ್ಟು, ಇಂಜಿನ್ ನಿಂತು ಕೀಲಿ ಮಾತ್ರ ಆನ್ ಇರುವಾಗ ಡಿಪಿಎಫ್ ಒತ್ತಡದ ಸೆನ್ಸರ್ ಸೊನ್ನೆ ತೋರಿಸುತ್ತದೆಯೇ, ಐಡಲಿನಲ್ಲಿ ಎಷ್ಟು ತೋರಿಸುತ್ತದೆ ಎಂಬುದು ಬೇಕು. ಆ ಸೆನ್ಸರಿಗೆ ಹೋಗುವ ಎರಡು ಸಣ್ಣ ಹೋಸುಗಳನ್ನು ಬಗ್ಗಿಸಿ ನೋಡಲು ಹೇಳಿ. ಆರು ವರ್ಷ ಶಾಖ ತಿಂದ ರಬ್ಬರ್ ಬಿರುಕು ಬಿಟ್ಟು ಸುಳ್ಳು ಅಂಕಿ ಕೊಡುವುದುಂಟು. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಪೈಪಿನಲ್ಲಿ ಆಯಿಲಿನ ಕಲೆ ಇದೆಯೇ, ಹೊಗೆಯ ಒಂದು ಪಾಲನ್ನು ಮರಳಿ ಇಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುತ್ತದೆಯೇ ಎಂಬುದನ್ನೂ ನೋಡಿಸಿ.

ಮರುಪ್ರಶ್ನೆ (ಅದೇ ಸದಸ್ಯರಿಂದ):

ಬರೆಸಿಕೊಂಡು ಬಂದಿದ್ದೇನೆ, ಸರ್. ಹೋಸು, ಪೈಪು, ಇಜಿಆರ್ ಚೆನ್ನಾಗಿವೆ. ಒತ್ತಡ ಇಂಜಿನ್ ನಿಂತಾಗ ಸೊನ್ನೆ, ಐಡಲಿನಲ್ಲಿ 17 ಮಿಲಿಬಾರ್. ಕೂಲೆಂಟ್ ಮಾತ್ರ ಮುಕ್ಕಾಲು ಗಂಟೆ ಓಡಿಸಿದರೂ 68 ಡಿಗ್ರಿ ದಾಟಲಿಲ್ಲ. ಉಷ್ಣತೆಯ ಮುಳ್ಳು ನಡುಗೆರೆಗಿಂತ ತುಸು ಕೆಳಗೆ ನಿಲ್ಲುತ್ತಿದ್ದುದನ್ನು ನಾನೂ ಗಮನಿಸಿದ್ದೆ, ಇಂಜಿನ್ ತಂಪಾಗಿರುವುದು ಒಳ್ಳೆಯದೇ ಎಂದುಕೊಂಡು ಸುಮ್ಮನಿದ್ದೆ.

ಉತ್ತರ:

ಹಾಗೆಂದುಕೊಳ್ಳುವವರು ನೀವೊಬ್ಬರೇ ಅಲ್ಲ. ನಿಮ್ಮ ಕಾರಿನಲ್ಲಿ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ಕವಾಟ) ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿರುವ ಸಂಭವವೇ ಹೆಚ್ಚು. ಡೀಸೆಲ್ ಇಂಜಿನ್ ಸಾಮಾನ್ಯವಾಗಿ 85–90 ಡಿಗ್ರಿಯ ಆಸುಪಾಸಿನಲ್ಲಿ ಕೆಲಸ ಮಾಡಬೇಕು. ಕೂಲೆಂಟ್ ಇಂತಿಷ್ಟು ಬಿಸಿಯಾಗದೆ ಕಂಪ್ಯೂಟರ್ ರೀಜನರೇಷನ್‌ಗೆ ಅನುಮತಿ ಕೊಡುವುದಿಲ್ಲ. ಆ ಮಿತಿ ಕಾರಿನಿಂದ ಕಾರಿಗೆ ಬೇರೆ. ನಿಮ್ಮ ಇಂಜಿನ್ ಆ ಅಂಚಿನಲ್ಲೇ ತೂಗಾಡುತ್ತಿರುವಂತಿದೆ: ಮಧ್ಯಾಹ್ನದ ಬಿಸಿಲಿಗೆ ಸಿಗ್ನಲಿನಲ್ಲಿ ನಿಂತಾಗ ಮಿತಿ ದಾಟಿ ಸುಡುವಿಕೆ ಶುರುವಾಗುತ್ತದೆ, ರಸ್ತೆ ತೆರವಾಗಿ ಗಾಳಿ ಬಡಿದೊಡನೆ ಅಥವಾ ಕಚೇರಿ ಬಂದೊಡನೆ ನಿಂತುಹೋಗುತ್ತದೆ. ಆಯಿಲ್ ಏರಿದ್ದಕ್ಕೂ ಮಸಿ ಉಳಿದದ್ದಕ್ಕೂ ಇದೊಂದೇ ಕಾರಣ ಸಾಕು. ಥರ್ಮೋಸ್ಟಾಟಿನ ಬೆಲೆಗೂ ಫಿಲ್ಟರಿನ ಬೆಲೆಗೂ ಹೋಲಿಕೆಯೇ ಇಲ್ಲ.

ಮೊದಲು ಥರ್ಮೋಸ್ಟಾಟ್ ಬದಲಿಸಿ, ಬಳಿಕ ಆಯಿಲನ್ನೂ ಆಯಿಲ್ ಫಿಲ್ಟರನ್ನೂ ಬದಲಿಸಿ. ಕಾರಿನ ಕೈಪಿಡಿಯಲ್ಲಿ ಹೇಳಿರುವ ಕಡಿಮೆ ಬೂದಿಯ ಆಯಿಲನ್ನೇ ಹಾಕಿಸಿ, ಡಬ್ಬಿಯ ಮೇಲೆ ಸಿ2 ಅಥವಾ ಸಿ3 ಎಂಬ ದರ್ಜೆ ಇರುತ್ತದೆ. ಅನಂತರ ಒಂದು ಬಲವಂತದ ರೀಜನರೇಷನ್ ಮಾಡಿಸಬಹುದು, ಆದರೆ ಸ್ಕ್ಯಾನರ್ ತೋರಿಸುವ ಮಸಿಯ ತೂಕ ತಯಾರಕರ ಮಿತಿಯೊಳಗೆ ಇದ್ದರೆ ಮಾತ್ರ. ಮಿತಿಮೀರಿದ ಮಸಿಗೆ ಒಮ್ಮೆಲೇ ಬೆಂಕಿ ಹತ್ತಿದರೆ ಸೆರಾಮಿಕ್ ಸೀಳಿಹೋಗುತ್ತದೆ. ಆ ಕೆಲಸವನ್ನು ಬಯಲಿನಲ್ಲಿ, ಒಣಹುಲ್ಲು ಇಲ್ಲದ ನೆಲದ ಮೇಲೆ ಮಾಡಬೇಕು. ಮಸಿ ಸುಟ್ಟ ಮೇಲೂ ಐಡಲಿನ ಒತ್ತಡ ಕೆಲವೇ ಮಿಲಿಬಾರಿಗೆ ಇಳಿಯದಿದ್ದರೆ ಉಳಿದದ್ದು ಬೂದಿ ಎಂದು ತಿಳಿಯಿರಿ. ಆಗಲೂ ಹೊಸ ಫಿಲ್ಟರ್ ಬೇಡ. ಇರುವುದನ್ನೇ ಬಿಚ್ಚಿ, ಕುಲುಮೆಯಲ್ಲಿ ಕಾಯಿಸಿ, ಗಾಳಿಯ ಒತ್ತಡದಿಂದ ಬೂದಿ ಹೊರಡಿಸುವ ಕಡೆಗೆ ಕೊಡಿ. ಶುಚಿ ಮಾಡುವ ಮೊದಲು ಮತ್ತು ಆಮೇಲೆ ತೂಗಿ ಲೆಕ್ಕ ಕೊಡುವವರನ್ನು ನಂಬಬಹುದು. ಕಾರು ತೊಳೆಯುವ ಜೆಟ್ ಹಿಡಿದು ನೀರು ಹೊಡೆಯುವವರು ಒಳಗಿನ ಕ್ಯಾಟಲಿಸ್ಟ್ ಲೇಪವನ್ನೇ ಕಿತ್ತುಬಿಡುತ್ತಾರೆ.

ಬಳಕೆಯ ರೀತಿಯೂ ತುಸು ಬದಲಾಗಬೇಕು. ಎರಡು ವಾರಕ್ಕೊಮ್ಮೆ ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇಟ್ಟುಕೊಂಡು ತುಮಕೂರು ರಸ್ತೆಯಲ್ಲೋ ಕನಕಪುರ ರಸ್ತೆಯ ಹೊರಭಾಗದಲ್ಲೋ, ಇಂಜಿನ್ ನಿಮಿಷಕ್ಕೆ 2,000 ಸುತ್ತಿಗಿಂತ ಇಳಿಯದ ಗೇರಿನಲ್ಲಿ ಅರ್ಧ ಗಂಟೆ ಓಡಿಸಿ. ಮನೆ ಸೇರುವಾಗ ಐಡಲ್ ಸ್ವಲ್ಪ ಏರಿ, ಫ್ಯಾನ್ ಜೋರಾಗಿ ತಿರುಗುತ್ತಾ, ಬಿಸಿ ಲೋಹದ ವಾಸನೆ ಬರುತ್ತಿದ್ದರೆ ಸುಡುವ ಕೆಲಸ ನಡೆಯುತ್ತಿದೆ ಎಂದರ್ಥ. ಆಗ ಕಾರು ನಿಲ್ಲಿಸದೆ ಇನ್ನು ಹತ್ತು ನಿಮಿಷ ಸುತ್ತಿ ಬನ್ನಿ.

ಪ್ರಶ್ನೆ (ಮತ್ತೊಬ್ಬ ಸದಸ್ಯರಿಂದ):

ಫಿಲ್ಟರನ್ನು ಟೊಳ್ಳು ಮಾಡಿ, ಸಾಫ್ಟ್‌ವೇರಿನಲ್ಲೂ ಅದನ್ನು ತೆಗೆದುಬಿಟ್ಟರೆ ಕಾಟವೇ ತಪ್ಪುತ್ತದೆ ಎನ್ನುತ್ತಾರಲ್ಲ? ಹೇಗೂ ಡೀಸೆಲ್ ಕಾರಿಗೆ ಹತ್ತೇ ವರ್ಷ ಆಯಸ್ಸು.

ಉತ್ತರ:

ಹತ್ತು ವರ್ಷದ ಮಿತಿ ಹುಟ್ಟಿದ್ದು ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ಪ್ರದೇಶಕ್ಕಾಗಿ, 2015ರ ಹಸಿರು ನ್ಯಾಯಮಂಡಳಿಯ ಆದೇಶದಿಂದ. ಕರ್ನಾಟಕದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಇರುತ್ತದೆ, ಆಮೇಲೆ ತಪಾಸಣೆಗೆ ಒಳಪಡಿಸಿ ನವೀಕರಿಸಿಕೊಳ್ಳಬಹುದು. ಹಾಗಾಗಿ ಆರು ವರ್ಷದ ಕಾರಿನ ಫಿಲ್ಟರನ್ನು ಉಳಿಸಿಕೊಳ್ಳುವುದು ದಂಡದ ಖರ್ಚಲ್ಲ. ಟೊಳ್ಳು ಮಾಡುವ ಕೆಲಸವನ್ನು ನಾನು ಮಾಡಿಕೊಡುವುದಿಲ್ಲ. ತಯಾರಕರು ಕೊಟ್ಟ ಸ್ವರೂಪವನ್ನು ಹೀಗೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಅಡ್ಡಿ ಇದೆ. ಬಿಎಸ್4ರಲ್ಲಿ ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ಕಣಗಳನ್ನು ಬಿಡಬಹುದಿತ್ತು, ಬಿಎಸ್6ರಲ್ಲಿ ಅದು 4.5ಕ್ಕೆ ಇಳಿದಿದ್ದರಲ್ಲಿ ದೊಡ್ಡ ಪಾಲು ಈ ಸೆರಾಮಿಕ್ ದಿಮ್ಮಿಯದೇ. ನೀವು ಯಾರಿಂದಲೋ ಹಳೆಯ ಡೀಸೆಲ್ ಕಾರು ಕೊಳ್ಳುವುದಿದ್ದರೆ, ಸೈಲೆನ್ಸರಿನ ತುದಿಯ ಒಳಗೆ ಬೆರಳಾಡಿಸಿ ನೋಡಿ. ಫಿಲ್ಟರ್ ಸರಿಯಾಗಿದ್ದರೆ ಬೆರಳು ಹೆಚ್ಚುಕಡಿಮೆ ಸ್ವಚ್ಛವಾಗಿಯೇ ಹೊರಬರುತ್ತದೆ. ದಟ್ಟ ಕಪ್ಪು ಮಸಿ ಅಂಟಿದರೆ ಫಿಲ್ಟರ್ ಸೀಳಿದೆ ಅಥವಾ ಒಳಗೆ ಇಲ್ಲವೇ ಇಲ್ಲ.